ತಪ್ಪು ಕಾಣಿಕೆ ಯಾರ ಕೈಗೆ?

ಪ್ರಶ್ನೆ: ನನಗೆ 38 ವರ್ಷ. ಕೊಡಗಿನ ಅಮ್ಮತ್ತಿ ಕಡೆ 15 ಎಕರೆ ರೋಬಸ್ಟಾ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಎರಡು ವರ್ಷದಿಂದ ದೇವರಲ್ಲಿ ನಂಬಿಕೆ ಉಳಿದಿಲ್ಲ. ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ, ಓದುತ್ತಾ ಯೋಚಿಸುತ್ತಾ ಹೊರಟುಹೋಯಿತು. ನನ್ನ ಕಷ್ಟ ಬೇರೆ. ಕೊಯ್ಲಿನಲ್ಲಿ ಕೂಲಿಯವರು ತಂದ ಹಣ್ಣು ತೂಗುವಾಗ ಮೂರು ವರ್ಷದಿಂದ ಮೂಟೆಗೆ 2 ಕಿಲೋ ಮುರಿದುಕೊಂಡೇ ಬರೆದಿದ್ದೇನೆ. ಚೀಲದ ತೂಕ, ಎಲೆ, ಕಡ್ಡಿ ಅಂತ ಹೇಳುವುದು. ಅಷ್ಟೆಲ್ಲ ಇರುವುದಿಲ್ಲ ಎಂದು ನನಗೂ ಗೊತ್ತು. ಚೆಕ್‌ರೋಲ್ (ಕೂಲಿಯವರ ಹೆಸರು, ತೂಕ ಬರೆಯುವ ಪುಸ್ತಕ) ಪ್ರಕಾರ ಮೂರು ವರ್ಷಕ್ಕೆ 640, 710, 590 ಮೂಟೆ. ಕೊಯ್ದ ಕಿಲೋಗೆ 4, 4.50, 5 ರೂಪಾಯಿ ಕೂಲಿ ಕೊಟ್ಟಿದ್ದೇನೆ. ಮೊದಲ ವರ್ಷ ಮನಸ್ಸು ಚುಚ್ಚಿ ದೇವಸ್ಥಾನದ ಹುಂಡಿಗೆ 1,001 ರೂಪಾಯಿ ತಪ್ಪು ಕಾಣಿಕೆ ಹಾಕಿದೆ, ಸಮಾಧಾನವಾಯಿತು. ಈಗ ಹುಂಡಿಯಲ್ಲಿ ನಂಬಿಕೆಯಿಲ್ಲ, ಚುಚ್ಚುವುದು ಮಾತ್ರ ನಿಂತಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ದೇವರೇ ಇಲ್ಲವೆಂದ ಮೇಲೆ ಇದು ಯಾರ ಹೆದರಿಕೆ? ಮನೆಯಲ್ಲಿ ಮಾಂಸ ಮಾಡದ ಕಾವೇರಿ ಸಂಕ್ರಮಣದ ದಿನ ಕಳೆದ ಸಲ ಮಡಿಕೇರಿಯಲ್ಲಿ ಗೆಳೆಯರ ಜೊತೆ ಪಂದಿಕರಿ (ಹಂದಿಮಾಂಸದ ಸಾರು) ತಿಂದಾಗಲೂ ಎರಡು ದಿನ ಹೀಗೇ ಕಸಿವಿಸಿ ಇತ್ತು. ಇದೂ ಅಂಥದ್ದೇ ಇರಬಹುದೇ? ಇನ್ನೊಂದು ವಿಷಯ: ಈ ಸಲ ಹೊಸ ಬೆಳೆಯ ಹಬ್ಬ ಪುತ್ತರಿಗೆ, ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಕದಿರು ಕೊಯ್ಯಲು ನನಗೆ ಹೇಳಿದ್ದಾರೆ. ನಂಬದವನು ಕುಡುಗೋಲು ಹಿಡಿದು ‘ಪೊಲಿ ಪೊಲಿ ದೇವಾ’ (ಹೆಚ್ಚಲಿ, ದೇವರೇ) ಎಂದರೆ ಮೋಸವಲ್ಲವೇ? ಅವ್ವನಿಗೆ ಇದಾವುದೂ ಗೊತ್ತಿಲ್ಲ, ಹೇಳಬೇಕೇ?

ಉತ್ತರ: ಪಂದಿಕರಿಯ ಕಸಿವಿಸಿಯೇ ಬೇರೆ, ತಕ್ಕಡಿಯ ಚುಚ್ಚೇ ಬೇರೆ. ಎರಡೂ ಹೊಟ್ಟೆಯಲ್ಲಿ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವುದರಿಂದ ಒಂದೇ ಅನ್ನಿಸುತ್ತದೆ, ಅಷ್ಟೆ. ನಂಬಿಕೆ ಬಿಟ್ಟ ಹೊಸದರಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಕೆಲವರು ಪ್ರತಿಯೊಂದು ಕಸಿವಿಸಿಗೂ ಹೆದರಿ ಹಿಂದಕ್ಕೆ ಓಡುತ್ತಾರೆ. ಇನ್ನು ಕೆಲವರು ‘ಇದೆಲ್ಲ ಹಳೆಯ ಭಯ’ ಎಂದು ಒಟ್ಟಿಗೇ ಗುಡಿಸಿ ಎಸೆಯುತ್ತಾರೆ. ಎರಡನೆಯವರಿಂದ ಹೆಚ್ಚು ಹಾನಿ, ಏಕೆಂದರೆ ಅದನ್ನು ತೆರುವವರು ಬೇರೆಯವರು.

ಒಂದು ಹಾಳೆ ತೆಗೆದು, ಈ ಎರಡು ವರ್ಷದಲ್ಲಿ ನಿಮ್ಮ ಮನಸ್ಸಿಗೆ ಹಿಂಸೆಯಾದದ್ದನ್ನೆಲ್ಲ ಸಾಲಾಗಿ ಬರೆಯಿರಿ. ಪ್ರತಿಯೊಂದರ ಎದುರು ಎರಡೇ ಮಾತು: ಯಾರಿಗೆ ನಷ್ಟ, ಎಷ್ಟು. ಸಂಕ್ರಮಣದ ಊಟದ ಎದುರು ಬರೆಯಲು ಒಂದು ಹೆಸರೂ ಸಿಗುವುದಿಲ್ಲ. ಚಿಕ್ಕಂದಿನಿಂದ ಆ ದಿನ ಮನೆಯಲ್ಲಿ ದೋಸೆ, ಕುಂಬಳಕಾಯಿ ಎಂದು ರೂಢಿಯಾದ ಮೈಗೆ ಕಸಿವಿಸಿಯಾಯಿತು. ಅದು ಕಾಲಕ್ರಮದಲ್ಲಿ ಸವೆಯುತ್ತದೆ, ಸವೆಯದಿದ್ದರೂ ಯಾರಿಗೂ ಬಾಕಿಯಿಲ್ಲ. (ಅದೇ ಪಂದಿಕರಿಯನ್ನು ಅವ್ವ ಕಣಿ ಪೂಜೆ ಮಾಡಿದ ಮನೆಗೆ ಕಟ್ಟಿಸಿಕೊಂಡು ಬಂದು ತಿಂದಿದ್ದರೆ ಅವರ ಹೆಸರು ಬರೆಯಬೇಕಾಗುತ್ತಿತ್ತು.) ತಕ್ಕಡಿಯ ಎದುರು ಬರೆಯಲು ಹೋದರೆ ನಿಮ್ಮ ಚೆಕ್‌ರೋಲಿನ ಹೆಸರುಗಳೆಲ್ಲ ಬರುತ್ತವೆ. ಈ ಚುಚ್ಚು ತಾನಾಗಿ ಹೋಗುವುದಿಲ್ಲ, ಹೋಗಬಾರದು ಕೂಡ. ‘ಯಾರ ಹೆದರಿಕೆ’ ಎಂದು ಕೇಳಿದ್ದೀರಿ. ಇದು ಹೆದರಿಕೆಯಲ್ಲ, ನೀವು ಕೊಡಬೇಕಾದ ದುಡ್ಡು ಇನ್ನೂ ನಿಮ್ಮ ಹತ್ತಿರವೇ ಇದೆ ಎಂಬ ತಿಳಿವಳಿಕೆ. ದೇವರು ಇದ್ದರೂ ಇಲ್ಲದಿದ್ದರೂ ಆ ಬಾಕಿ ಅಷ್ಟೇ ಇರುತ್ತದೆ.

ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ಒಂದು ಸಂಗತಿ ಇದೆ. ಮೊದಲ ವರ್ಷ ನೀವು ಪೂರ್ತಿ ನಂಬಿಕೆಯಲ್ಲಿದ್ದಿರಿ. ಆ ವರ್ಷವೂ 2 ಕಿಲೋ ಮುರಿದಿರಿ, ಕಾಣಿಕೆ ಹಾಕಿದಿರಿ, ಸಮಾಧಾನವಾಯಿತು, ಮರುವರ್ಷ ಮತ್ತೆ ಮುರಿದಿರಿ. ‘ನಂಬಿಕೆ ಹೋದರೆ ಮನುಷ್ಯ ಕೆಡುತ್ತಾನೆ’ ಎಂಬ ಭಯ ನಿಮಗಿದ್ದರೆ ಬಿಡಿ. ನಂಬಿಕೆ ನಿಮ್ಮ ಕೈಯನ್ನು ತಡೆದಿರಲಿಲ್ಲ. ಹಾಗೆಂದು ಹುಂಡಿಯನ್ನು ಬೈದುಕೊಳ್ಳಬೇಕಾಗಿಯೂ ಇಲ್ಲ. ಕಾಣಿಕೆಯನ್ನೂ ಹಾಕಿ, ನೊಂದವರ ಬಾಕಿಯನ್ನೂ ತೀರಿಸುವ ಭಕ್ತರು ಎಷ್ಟೋ ಜನ ಇದ್ದಾರೆ. ನೀವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟಿರಿ. 1,001 ರೂಪಾಯಿ ದೇವಸ್ಥಾನಕ್ಕೆ ಸೇರಿತು, ಅದರಲ್ಲಿ ಒಂದು ಪೈಸೆಯೂ ಕೂಲಿಯವರು ಇರುವ ಲೈನ್‌ಮನೆಗೆ ತಲುಪಲಿಲ್ಲ. ಈಗ ನಡುವೆ ಯಾರೂ ಇಲ್ಲದಿರುವುದರಿಂದ ನೀವು ನೇರವಾಗಿ ಅವರ ಹತ್ತಿರವೇ ಹೋಗಬೇಕು.

ಲೆಕ್ಕ ಹೀಗೆ. ಖಾಲಿ ಗೊಬ್ಬರದ ಪ್ಲಾಸ್ಟಿಕ್ ಚೀಲ ಕಾಲು ಕಿಲೋವೂ ತೂಗುವುದಿಲ್ಲ, ಗೋಣಿಚೀಲವಾದರೆ ಒಂದು ಕಿಲೋ ಆಸುಪಾಸು. ನಿಮ್ಮದು ಪ್ಲಾಸ್ಟಿಕ್ ಎಂದುಕೊಂಡು, ನಿಮಗೇ ಅನುಕೂಲವಾಗುವಂತೆ ಕಾಲು ಕಿಲೋ ಬಿಟ್ಟರೂ, ಮೂಟೆಗೆ 1.75 ಕಿಲೋ ಅನ್ಯಾಯವಾಗಿ ಮುರಿದಿದ್ದೀರಿ. 640, 710, 590 ಸೇರಿ 1,940 ಮೂಟೆ, ಅಂದರೆ 3,395 ಕಿಲೋ ಹಣ್ಣು ಕೊಯ್ದ ಕೂಲಿ. ಆಯಾ ವರ್ಷದ ದರದಲ್ಲಿ ಹಿಡಿದರೆ 4,480, 5,591, 5,163 ರೂಪಾಯಿ, ಒಟ್ಟು 15,234. ಬಡ್ಡಿ ಎಷ್ಟು ಎಂದು ತಲೆಕೆಡಿಸಿಕೊಳ್ಳುವ ಬದಲು ಮೂರೂ ವರ್ಷದ್ದನ್ನು 5 ರೂಪಾಯಿಗೇ ಹಿಡಿಯಿರಿ: 16,975. ಅಲ್ಲಿಗೆ ನಿಲ್ಲಿಸಿ. ಇದನ್ನು 25,000 ಮಾಡಿ ‘ಇರಲಿ, ಬಡವರು’ ಎನ್ನುವ ಆಸೆ ಬರುತ್ತದೆ. ಹಾಗೆ ಮಾಡಿದ ಕ್ಷಣ ನೀವು ಸಾಲಗಾರನ ಜಾಗದಿಂದ ದಾನಿಯ ಜಾಗಕ್ಕೆ ಹಾರಿರುತ್ತೀರಿ. ದಾನ ಮಾಡುವುದಿದ್ದರೆ ಬೇರೆ ದಿನ, ಬೇರೆ ದುಡ್ಡಿನಲ್ಲಿ ಮಾಡಿ.

ಮೊತ್ತ ನೋಡಿ ‘ಇಷ್ಟೇನಾ’ ಅನ್ನಿಸಬಹುದು. ಚೆಕ್‌ರೋಲಿನಲ್ಲಿ ಒಂದು ವರ್ಷಕ್ಕೆ 85 ಮೂಟೆ ಕೊಯ್ದ ಗಂಡ ಹೆಂಡತಿ ಇದ್ದಾರೆ ಎಂದುಕೊಳ್ಳಿ. ಅವರ ಪಾಲು 744 ರೂಪಾಯಿ. ದಿನಕ್ಕೆ ನೂರು ಕಿಲೋ ಕೊಯ್ಯುವ ಒಬ್ಬರ ಒಂದೂವರೆ ದಿನದ ದುಡಿಮೆ. ಇಬ್ಬನಿಯಲ್ಲಿ ಏಣಿ ಹತ್ತಿ, ಕೆಂಜಿರುವೆ ಕಚ್ಚಿಸಿಕೊಂಡು, ಮೂಟೆ ಹೊತ್ತು ದಾರಿಯವರೆಗೆ ತಂದ ಒಂದೂವರೆ ದಿನ. ಇದರಲ್ಲಿ ಕಾಫಿ ಕಳ್ಳತನವಿಲ್ಲ, ಹಣ್ಣು ನಿಮ್ಮದೇ ತೋಟದ್ದು. ನೀವು ತೆಗೆದುಕೊಂಡದ್ದು ಆ ದುಡಿಮೆಯನ್ನು. 2024ರಲ್ಲಿ ರೋಬಸ್ಟಾ ಚೆರ್ರಿ (ಒಣಗಿಸಿದ ಹಣ್ಣು) 50 ಕಿಲೋ ಮೂಟೆಗೆ 10,000 ದಾಟಿದ ಕಾಲದಲ್ಲೂ ತೆಗೆದುಕೊಂಡಿರಿ ಎನ್ನುವುದನ್ನು ಹಾಳೆಯ ಕೆಳಗೆ ಬರೆದಿಟ್ಟುಕೊಳ್ಳಿ, ‘ಬೆಲೆ ಇರಲಿಲ್ಲ’ ಎಂಬ ಸಮಜಾಯಿಷಿ ಬಂದಾಗ ಬೇಕಾಗುತ್ತದೆ.

ಇನ್ನು ಕೊಡುವುದು. ಲೈನ್‌ಮನೆಯಲ್ಲೇ ಇರುವ ಎರವ ಬುಡಕಟ್ಟಿನ ಕುಟುಂಬಗಳು ಸುಲಭ, ಹೆಸರು ಗೊತ್ತು, ಮುಖ ಗೊತ್ತು. ಆದರೆ ತಪ್ಪು ಹೆಚ್ಚಾಗುವುದೂ ಅಲ್ಲಿಯೇ. ಅವರ ಮೇಲೆ ಮುಂಗಡದ ಬಾಕಿ ಇರುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ‘ಅದಕ್ಕೇ ವಜಾ ಹಾಕೋಣ ಸಾರ್’ ಎನ್ನುತ್ತಾನೆ. ಬೇಡ. ಪುಸ್ತಕದಲ್ಲಿ ಮುರಿದದ್ದನ್ನು ಪುಸ್ತಕದಲ್ಲೇ ಕೊಟ್ಟರೆ ಅವರ ಕೈಗೆ ಏನೂ ಬಂದಂತಾಗುವುದಿಲ್ಲ. ನಗದಾಗಿ ಕೈಗೆ ಕೊಡಿ. ಗಂಡ ಹೆಂಡತಿ ಕೂಡಿ ಕೊಯ್ದಿದ್ದರೆ ಅರ್ಧರ್ಧ ಮಾಡಿ ಹೆಂಗಸಿನ ಪಾಲನ್ನು ಅವಳ ಕೈಗೇ ಕೊಡಿ.

ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಜೀಪಿನಲ್ಲಿ ಬರುವವರಿದ್ದರೆ ಮತ್ತೆ ಕೊಯ್ಲಿಗೆ ಬಂದಾಗ ಕೊಡಬಹುದು. ಕಷ್ಟ ಇರುವುದು ಅಸ್ಸಾಂ, ಬಂಗಾಳದಿಂದ ಬಂದು ಹೋದವರ ವಿಷಯದಲ್ಲಿ. ಅವರನ್ನು ಕರೆತಂದ ಮೇಸ್ತ್ರಿಯ ಕೈಗೆ ಒಟ್ಟಾಗಿ ಕೊಟ್ಟು ‘ಹಂಚಿಬಿಡಿ’ ಎನ್ನಬೇಡಿ, ಅವನ ಕಮಿಷನ್ ಕಳೆದು ಎಷ್ಟು ತಲುಪಿತು ಎಂದು ನಿಮಗೆ ಎಂದಿಗೂ ತಿಳಿಯುವುದಿಲ್ಲ. ಅವನಿಂದ ಫೋನ್ ನಂಬರುಗಳನ್ನು ಮಾತ್ರ ತೆಗೆದುಕೊಳ್ಳಿ. ಒಬ್ಬರ ನಂಬರಿನಿಂದ ಜೊತೆಯವರ ನಂಬರು ಸಿಗುತ್ತದೆ. ಯುಪಿಐನಲ್ಲಿ ಮೊದಲು ಒಂದು ರೂಪಾಯಿ ಹಾಕಿ, ಬರುವ ಹೆಸರನ್ನು ಚೆಕ್‌ರೋಲಿನ ಹೆಸರಿಗೆ ಹೋಲಿಸಿ, ಫೋನಿನಲ್ಲಿ ಮಾತಾಡಿ, ಆಮೇಲೆ ಉಳಿದದ್ದು ಕಳಿಸಿ. ಸಿಮ್ ಬದಲಾಗಿ ನಂಬರು ಬೇರೆಯವರ ಕೈ ಸೇರಿರುವುದು ಇಂಥ ಕಡೆ ಸಾಮಾನ್ಯ. ಎಷ್ಟು ಹುಡುಕಿದರೂ ಕೆಲವರು ಸಿಗುವುದಿಲ್ಲ. ಅವರ ಪಾಲನ್ನು ಹೆಸರು ಬರೆದ ಲಕೋಟೆಯಲ್ಲಿ ಒಂದು ಕೊಯ್ಲು ಮುಗಿಯುವವರೆಗೆ ಇಡಿ. ಆಮೇಲೆ, ಅದೇ ಕಡೆಯಿಂದ ಬಂದವರು ಊರಿಗೆ ಮರಳುವಾಗ ರೈಲು ಖರ್ಚಿಗೆ ಕೊಡಿ, ಇದು ಯಾವ ದುಡ್ಡು ಎಂದು ಹೇಳಿಯೇ ಕೊಡಿ. ಲೈನ್‌ಮನೆಯ ನೀರಿನ ಟ್ಯಾಂಕಿಗೋ ಕಕ್ಕಸಿಗೋ ಹಾಕಿ ಲೆಕ್ಕ ತೀರಿಸಬೇಡಿ. ಅದು ಹೇಗೂ ನೀವು ಮಾಡಿಸಬೇಕಾದ್ದೇ.

ಕೊಡುವಾಗ ಹೇಳಬೇಕಾದ್ದು ಮೂರು ಮಾತು: ‘ಮೂಟೆಗೆ 2 ಕಿಲೋ ಮುರಿದಿದ್ದೆ. ಕಾಲು ಕಿಲೋ ಮಾತ್ರ ಮುರಿಯಬೇಕಿತ್ತು. ನಿಮ್ಮ ಲೆಕ್ಕ ಇಷ್ಟಾಗುತ್ತದೆ, ಎಣಿಸಿಕೊಳ್ಳಿ.’ ಬೋನಸ್ ಎನ್ನಬೇಡಿ, ಇನಾಮು ಎನ್ನಬೇಡಿ. ಪುತ್ತರಿಯ ದಿನ ಕೊಟ್ಟರೆ ಹಬ್ಬದ ಖುಷಿಗೆ ಕೊಟ್ಟಂತಾಗುತ್ತದೆ, ಬೇರೆ ದಿನ ನೋಡಿ. ‘ಕ್ಷಮಿಸಿ’ ಎಂದು ಒಮ್ಮೆ ಹೇಳಿದರೆ ಸಾಕು. ಅವರು ‘ಪರವಾಗಿಲ್ಲ’ ಎನ್ನುವವರೆಗೆ ಕಾಯುತ್ತಾ ನಿಲ್ಲಬೇಡಿ. ನಾಳೆ ನಿಮ್ಮ ತೋಟದಲ್ಲೇ ಕೆಲಸ ಮಾಡಬೇಕಾದವರು ಇನ್ನೇನು ಹೇಳಿಯಾರು? ಕೆಲವರು ನಗುತ್ತಾರೆ. ಕೆಲವರು ‘ನಮ್ಮದು ಇನ್ನೂ ಹೆಚ್ಚು ಮೂಟೆ ಇತ್ತು’ ಎನ್ನುತ್ತಾರೆ, ಚೆಕ್‌ರೋಲ್ ತೋರಿಸಿ. ಅವರು ಹೇಳಿದ್ದು ಸರಿಯಿದ್ದರೂ ಇರಬಹುದು, ಸಂಶಯವಿದ್ದಲ್ಲಿ ಅವರ ಕಡೆಗೇ ಬಿಡಿ. ತೂಗಿದವನು ರೈಟರ್ ಆಗಿದ್ದರೂ ತಪ್ಪನ್ನು ಅವನ ತಲೆಗೆ ಕಟ್ಟಬೇಡಿ, 2 ಕಿಲೋ ಎಂದು ಹೇಳಿದವರು ನೀವು. ಕೊಟ್ಟದ್ದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುವುದು ಒಳ್ಳೆಯದು. ಅಕ್ಕಪಕ್ಕದ ತೋಟದವರಿಗೆ ಸುದ್ದಿ ಹೋಗಿ ‘ನೀನೊಬ್ಬ ಕೊಟ್ಟು ನಮ್ಮನ್ನೆಲ್ಲ ಕಳ್ಳರನ್ನಾಗಿ ಮಾಡಿದೆ’ ಎಂಬ ಮಾತು ಕ್ಲಬ್ಬಿನಲ್ಲೋ ಮದುವೆ ಮನೆಯಲ್ಲೋ ಬಂದೇ ಬರುತ್ತದೆ. ಅವರಿಗೆ ಉಪದೇಶ ಮಾಡುವ ಚಪಲ ತಡೆದುಕೊಳ್ಳಿ. ‘ನನ್ನ ಲೆಕ್ಕ ತಪ್ಪಿತ್ತು, ಸರಿ ಮಾಡಿದೆ’ ಎಂದರೆ ಸಾಕು.

ಈ ವರ್ಷದ ತಕ್ಕಡಿಗೂ ಒಂದಿಷ್ಟು ಕೆಲಸ ಇದೆ. ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಬಂದದ್ದೇ ಚೀಲದ ತೂಕ. ಅದನ್ನು ತೂಗುವ ಶೆಡ್ಡಿನ ಗೋಡೆಯ ಮೇಲೆ ಬರೆಸಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು, ಕೊಯ್ಲಿಗೆ ಮೊದಲೇ ಮಾಡಿಸಿ. ನಡುವೆ ಅನುಮಾನ ಬಂದರೆ ಒಡೆಯದ ಯೂರಿಯಾ ಚೀಲ ಇಟ್ಟು ನೋಡಿ, ಆದರೆ ಅದು ಈಗ 45 ಕಿಲೋ, 50 ಅಲ್ಲ. ದಶಾಂಶದ ಮೋಸ ಯಾರ ಕಣ್ಣಿಗೂ ಬೀಳುವುದಿಲ್ಲ: 48.7 ಎಂದು ತೋರಿಸಿದ್ದನ್ನು 48 ಎಂದು ಬರೆಯುತ್ತಾ ಹೋದರೆ ಮೂಟೆಗೆ ಸರಾಸರಿ ಅರ್ಧ ಕಿಲೋ ಹೋಗುತ್ತದೆ. ತೋರಿಸಿದ್ದನ್ನೇ ಬರೆಯಿರಿ. ಎಲೆ ಕಡ್ಡಿಗೆ ಕಣ್ಣಂದಾಜಿನಲ್ಲಿ ಮುರಿಯುವ ಬದಲು ಟಾರ್ಪಾಲಿನ ಮೇಲೆ ಸುರಿದು ಆರಿಸಿ ತುಂಬಲು ಹೇಳಿ. ಮಳೆ ಬಿದ್ದ ದಿನ ನೀರಿಗೆ ಏನಾದರೂ ಮುರಿಯುವುದಿದ್ದರೆ ಬೆಳಿಗ್ಗೆ ಕೊಯ್ಲು ಶುರುವಾಗುವ ಮೊದಲೇ ಹೇಳಿಬಿಡಿ, ಸಂಜೆ ತಕ್ಕಡಿಯ ಮುಂದೆ ಬೇಡ. ತೂಕ ಕೂಗಿ ಹೇಳಿ, ಚೆಕ್‌ರೋಲಿನಲ್ಲೊಮ್ಮೆ, ಅವರವರ ಚೀಟಿಯಲ್ಲೊಮ್ಮೆ ಬರೆಯಲಿ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಂಬಿಕೆ ಬಿಟ್ಟವರಿಗೆ ಅವರದೇ ಆದ ಒಂದು ಹಳ್ಳ ಇರುತ್ತದೆ. ತಪ್ಪು ಮಾಡಿದವನೂ ತೀರ್ಪು ಕೊಡುವವನೂ ಒಬ್ಬನೇ ಆಗಿಬಿಡುತ್ತಾನೆ. ‘ಎಲ್ಲರೂ ಮುರಿಯುತ್ತಾರೆ’, ‘ಅವರೂ ಕಾಯಿ ಸೇರಿಸುತ್ತಾರೆ’, ‘ಈ ವರ್ಷ ಬೋರರ್ ಹುಳ ಹೆಚ್ಚು’ ಎಂಬ ವಾದಗಳನ್ನು ಕೇಳಿ ಒಪ್ಪಿಕೊಳ್ಳುವ ನ್ಯಾಯಾಧೀಶರೂ ನೀವೇ. ದೇವರನ್ನು ನಂಬಿದ್ದಾಗ ಕನಿಷ್ಠ ವರ್ಷದಲ್ಲಿ ಒಂದೆರಡು ದಿನ ಕೈಮುಗಿದು ನಿಂತು, ಮಾಡಿದ್ದನ್ನು ನೆನೆಯುವ ಸಂದರ್ಭ ಬರುತ್ತಿತ್ತು. ಈಗ ಅದನ್ನು ನೀವೇ ಇಟ್ಟುಕೊಳ್ಳಬೇಕು. ಬಿದ್ದ ಕಾಫಿ ಹೆಕ್ಕಿಸಿ ಮುಗಿದ ಮೇಲೆ ಒಂದು ದಿನ ಗೊತ್ತು ಮಾಡಿ. ಚೆಕ್‌ರೋಲು, ಕೂಲಿ ಪಟ್ಟಿ, ಮುಂಗಡದ ಪುಸ್ತಕ ಮೂರನ್ನೂ ನಿಮ್ಮ ಸಂಬಳ ತಿನ್ನದ, ತೋಟದ ಲಾಭದಲ್ಲಿ ಪಾಲಿಲ್ಲದ ಒಬ್ಬರ ಮುಂದೆ ಇಡಿ. ಮದುವೆಯಾಗಿ ಹೋದ ಅಕ್ಕನೋ ತಂಗಿಯೋ, ನಿವೃತ್ತ ಮೇಷ್ಟರೋ ಆಗಬಹುದು. ‘ಇದು ಯಾಕೆ ಹೀಗೆ’ ಎಂದು ಕೇಳುವಷ್ಟು ಸಲುಗೆ ಇರುವವರಾಗಬೇಕು. ಒಂದು ವರ್ಷ ತಪ್ಪಿಸಿದರೆ ಮುಂದಿನ ವರ್ಷ ಪೂರ್ತಿ ಬಿಟ್ಟುಹೋಗುತ್ತದೆ.

ಪುತ್ತರಿಯ ವಿಷಯಕ್ಕೆ ನೀವು ಇಷ್ಟು ಕಂಗಾಲಾಗಬೇಕಾಗಿಲ್ಲ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ನಿಗದಿಯಾಗಿ, ಕೋವಿ ಹಾರಿ, ಗದ್ದೆಯಲ್ಲಿ ಇಡೀ ಒಕ್ಕದವರ (ಕುಟುಂಬದವರ) ಜೊತೆ ನಿಂತು ಹೊಸ ಬೆಳೆಯ ಕದಿರು ಕೊಯ್ಯುವಾಗ ನೀವು ಯಾರಿಗೂ ಸಾಕ್ಷಿ ಹೇಳುತ್ತಿಲ್ಲ. ಒಟ್ಟಿಗೆ ಕೂಗುವುದರಲ್ಲಿ ಸೇರಿಕೊಳ್ಳುತ್ತಿದ್ದೀರಿ. ಅಲ್ಲಿ ಇದ್ದವರಲ್ಲಿ ಯಾರು ಎಷ್ಟು ನಂಬುತ್ತಾರೆ ಎಂದು ಯಾರೂ ಅಳೆದಿಲ್ಲ. ಮೋಸ ಶುರುವಾಗುವ ಗಡಿ ಬೇರೆ ಕಡೆ ಇದೆ. ಜಗಳವೊಂದರಲ್ಲಿ ‘ಇಗ್ಗುತ್ತಪ್ಪನ ಆಣೆ ಮಾಡಿ ಹೇಳು’ ಎಂದು ಹಿರಿಯರು ಕೇಳಿದರು ಎನ್ನಿ. ಅವರಿಗೆ ಆ ಆಣೆ ಜೀವದಷ್ಟು ದೊಡ್ಡದು, ನಿಮಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಹೇಳುವ ವಿಷಯ ನಿಜವೇ ಆಗಿದ್ದರೂ, ನಿಮ್ಮ ಹತ್ತಿರ ಇಲ್ಲದ ಜಾಮೀನನ್ನು ತೋರಿಸಿ ಅವರ ನಂಬಿಕೆ ಗಳಿಸಿದಂತಾಗುತ್ತದೆ. ಅಲ್ಲಿ ಮಾತ್ರ ‘ಆಣೆ ಬೇಡ, ನಾನು ಹೇಳುವುದು ನಿಜ, ಪುಸ್ತಕ ನೋಡಿ’ ಎನ್ನಬೇಕು. ಕಾನೂನಿಗೂ ಇದರಲ್ಲಿ ತಕರಾರಿಲ್ಲ. 1969ರ ಪ್ರಮಾಣಗಳ ಕಾಯ್ದೆ ಪ್ರಕಾರ ಸಾಕ್ಷಿ ದೇವರ ಹೆಸರು ಹೇಳದೆ ದೃಢೀಕರಿಸಿ ನುಡಿಯಬಹುದು, ಸುಳ್ಳು ಹೇಳಿದರೆ ಆಣೆ ಮಾಡಿದವರಿಗೂ ದೃಢೀಕರಿಸಿದವರಿಗೂ ಶಿಕ್ಷೆ ಒಂದೇ. ಶಾಸಕರು, ಮಂತ್ರಿಗಳು ಪ್ರಮಾಣ ತೆಗೆದುಕೊಳ್ಳುವಾಗಲೂ ಸಂವಿಧಾನದ ಮೂರನೆಯ ಅನುಸೂಚಿ ಎರಡೂ ದಾರಿ ಬಿಟ್ಟಿದೆ.

ಕದಿರು ಕೊಯ್ಯುವವರೇ ಎಲ್ಲರ ಪರವಾಗಿ ಗಟ್ಟಿಯಾಗಿ ಬೇಡಿಕೊಳ್ಳುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ಒಕ್ಕದ ಹಿರಿಯರಾದ ಪಟ್ಟೆದಾರರ ಹತ್ತಿರ ಹಬ್ಬಕ್ಕೆ ಎರಡು ವಾರ ಮೊದಲೇ ಹೋಗಿ, ‘ಕದಿರು ನಾನು ಕೊಯ್ಯುತ್ತೇನೆ, ಬೇಡಿಕೊಳ್ಳುವುದನ್ನು ದೊಡ್ಡಪ್ಪ ಮಾಡಲಿ, ಅವರ ಬಾಯಲ್ಲಿ ಚೆಂದ’ ಎನ್ನಿ. ಕಾರಣ ಕೇಳಿದರೆ ನಿಜ ಹೇಳಿ. ಕೇಳದಿದ್ದರೆ ಅಷ್ಟಕ್ಕೇ ಬಿಡಿ. ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಎಲ್ಲರೂ ಸೇರಿರುವಾಗ ಮಾತ್ರ ಈ ವಿಷಯ ಎತ್ತಬೇಡಿ. ಹಬ್ಬದ ರಾತ್ರಿ ಹೊರಬಿದ್ದ ಮಾತು ಆ ಮನೆಯಲ್ಲಿ ವರ್ಷಗಟ್ಟಲೆ ಓಡಾಡುತ್ತದೆ.

ಅವ್ವನಿಗೆ ಹೇಳಲೇಬೇಕೆಂಬ ಅವಸರ ಯಾಕೆ? ನಿಮ್ಮ ಮನಸ್ಸು ಹಗುರಾಗಲಿ ಎಂದಾದರೆ ತಡೆಯಿರಿ, ಆ ಭಾರ ಅವರ ಮೇಲೆ ಬೀಳುತ್ತದೆ. ಅವರೇ ಕೇಳಿದ ದಿನ ಸುಳ್ಳು ಬೇಡ: ‘ಅವ್ವ, ನನಗೆ ಮೊದಲಿನ ಹಾಗೆ ನಂಬಿಕೆ ಇಲ್ಲ. ನಿನ್ನ ಪೂಜೆಗೆ ಹೂ ತಂದುಕೊಡುವುದು, ತಲಕಾವೇರಿಗೆ ಕರೆದುಕೊಂಡು ಹೋಗುವುದು ಯಾವುದೂ ನಿಲ್ಲುವುದಿಲ್ಲ.’ ಇಷ್ಟರಲ್ಲಿ ನಿಲ್ಲಿಸಿ. ಅವರು ಅತ್ತರೆ, ಪುಸ್ತಕದಲ್ಲಿ ಓದಿದ ವಾದಗಳನ್ನು ತೆಗೆಯಬೇಡಿ. ತಕ್ಕಡಿಯ ವಿಷಯ ಮಾತ್ರ ಅವರಿಗೆ ತಿಳಿಯಲಿ, ಲೈನ್‌ಮನೆಯಿಂದ ಹೇಗೂ ತಿಳಿಯುತ್ತದೆ, ನಿಮ್ಮ ಬಾಯಿಂದಲೇ ಮೊದಲು ಕೇಳಲಿ.

ದುಡ್ಡು ಕೊಟ್ಟು ಮುಗಿದ ಮೇಲೂ ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಬಾರದಿದ್ದರೆ, ಊಟ ರುಚಿಸದಿದ್ದರೆ, ಕೊಟ್ಟ ಲೆಕ್ಕವನ್ನೇ ಮತ್ತೆ ಮತ್ತೆ ತೆಗೆದು ಕೂಡುತ್ತಾ ಕೂರುವಂತಾದರೆ, ಅದನ್ನು ಆತ್ಮಸಾಕ್ಷಿ ಎಂದುಕೊಂಡು ಸಹಿಸಬೇಡಿ. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು.

ಲೈನ್‌ಮನೆಯವರ ಪಾಲನ್ನು ಈ ವಾರವೇ ಕೊಟ್ಟುಬಿಡಿ. ಮೇಸ್ತ್ರಿಗೆ ಫೋನ್ ಮಾಡುವುದನ್ನೂ ಮುಂದೂಡಬೇಡಿ. ಕೊಯ್ಲು ಶುರುವಾದ ಮೇಲೆ ಅವನು ಹತ್ತು ತೋಟಗಳ ನಡುವೆ ಓಡಾಡುತ್ತಿರುತ್ತಾನೆ, ಹಳೆಯ ನಂಬರು ಹುಡುಕಿಕೊಡಲು ಪುರುಸೊತ್ತು ಇರುವುದಿಲ್ಲ.